ಗೋಡೆಯ ಬೂಷ್ಟು: ಒರೆಸುವ ಮೊದಲು ನೀರು ಎಲ್ಲಿಂದ ಅಂತ ಹುಡುಕಿ

ಗೋಡೆಯ ಮೂಲೆಯಲ್ಲಿ ಕಪ್ಪು ಚುಕ್ಕೆ ಕಂಡ ತಕ್ಷಣ ಹೆಚ್ಚಿನವರು ಬ್ಲೀಚ್ ಹಾಕಿ ಒರೆಸುತ್ತಾರೆ, ಇಲ್ಲವೇ ಮೇಲೊಂದು ಕೋಟ್ ಪೇಂಟ್ ಬಳಿಸುತ್ತಾರೆ. ಕೆಲವು ವಾರ ಗೋಡೆ ಚೆನ್ನಾಗಿಯೇ ಇರುತ್ತದೆ. ಆಮೇಲೆ ಅದೇ ಜಾಗದಲ್ಲಿ, ಅದೇ ಆಕಾರದಲ್ಲಿ ಮತ್ತೆ ಬರುತ್ತದೆ. ಬರದೇ ಇರಲು ಕಾರಣವೇ ಇಲ್ಲ. ಬೂಷ್ಟಿನ ಬೀಜಕಣಗಳು ಗಾಳಿಯಲ್ಲಿ ಎಲ್ಲ ಕಡೆಯೂ ಇವೆ, ಅವನ್ನು ಮನೆಯಿಂದ ಪೂರ್ತಿ ಓಡಿಸಲು ಯಾರಿಂದಲೂ ಆಗುವುದಿಲ್ಲ. ತಿನ್ನಲು ಧೂಳು, ಕಾಗದ, ಮರ, ಬಟ್ಟೆ, ಚರ್ಮ ಎಲ್ಲ ಮನೆಯಲ್ಲೂ ಇದ್ದೇ ಇರುತ್ತವೆ. ಸೆಕೆಯ ಊರುಗಳಲ್ಲಿ ಅದಕ್ಕೆ ಬೇಕಾದ ಬೆಚ್ಚಗಿನ ಹವೆಯೂ ವರ್ಷವಿಡೀ ಸಿಗುತ್ತದೆ. ನಮ್ಮ ಹಿಡಿತದಲ್ಲಿ ಉಳಿಯುವುದು ನೀರು ಒಂದೇ.

ಹಾಗಾಗಿ ಒರೆಸುವ ಮಾತು ಇಲ್ಲಿ ಕೊನೆಗೆ ಬರುತ್ತದೆ. ಮೊದಲು ಅದು ನಿಜಕ್ಕೂ ಬೂಷ್ಟೇನಾ ಅಂತ ನೋಡಬೇಕು. ಆಮೇಲೆ ಅದಕ್ಕೆ ನೀರು ಎಲ್ಲಿಂದ ಸಿಗುತ್ತಿದೆ ಅಂತ ಪತ್ತೆ ಹಚ್ಚಬೇಕು. ನೀರು ನಿಂತ ಮೇಲೆ ಒರೆಸುವುದು ಅರ್ಧ ದಿನದ ಕೆಲಸ.

ಒಂದು ವಿಷಯ ಮೊದಲೇ ಹೇಳಿಬಿಡಬೇಕು. ಬೂಷ್ಟಿನ ಬಗ್ಗೆ ಓದಲು ಸಿಗುವ ಸಲಹೆಗಳಲ್ಲಿ ಬಹಳಷ್ಟು ಚಳಿ ದೇಶದ ಮನೆಗಳಿಗೆ ಬರೆದವು. ಅಲ್ಲಿ ಚಳಿಗಾಲದ ಹೊರಗಿನ ಗಾಳಿಯಲ್ಲಿ ನೀರಿನ ಆವಿ ಕಡಿಮೆ, ಒಳಗೆ ಜಾಸ್ತಿ. ಕಿಟಕಿ ತೆಗೆಯಿರಿ, ರೂಮು ಬೆಚ್ಚಗಿಡಿ ಅನ್ನುವುದು ಅಲ್ಲಿಗೆ ಸರಿ. ಸೆಕೆಯೂ ತೇವವೂ ಒಟ್ಟಿಗೇ ಇರುವ ಕಡೆ ಹೊರಗಿನ ಗಾಳಿಯೇ ನೀರು ಹೊತ್ತು ತರುತ್ತದೆ. ಎಸಿ ಹಾಕಿ ತಂಪು ಮಾಡಿದ ರೂಮಿನ ಕಿಟಕಿ ತೆಗೆದರೆ ಬೂಷ್ಟಿಗೆ ನಾವೇ ನೀರು ಹನಿಸಿದ ಹಾಗೆ.

ಇದು ಬೂಷ್ಟೇನಾ?

ಗೋಡೆಯ ಮೇಲೆ ಬಿಳಿ ಪುಡಿ ಎದ್ದಿದ್ದರೆ ಅದು ಬಹುಶಃ ಉಪ್ಪು. ಇಟ್ಟಿಗೆ, ಸಿಮೆಂಟಿನೊಳಗಿನ ಲವಣ ನೀರಿನ ಜೊತೆ ಹೊರಬಂದು, ನೀರು ಆರಿದ ಮೇಲೆ ಗೋಡೆಯ ಮೈಮೇಲೆ ಉಳಿಯುತ್ತದೆ. ಬೆರಳಲ್ಲಿ ಉಜ್ಜಿದರೆ ಹರಳು ಹರಳಾಗಿ ತರಿತರಿ ಅನ್ನಿಸುತ್ತದೆ. ಮೇಲೆ ಒಂದು ಹನಿ ನೀರು ಬಿಟ್ಟರೆ ಹೆಚ್ಚಾಗಿ ಕರಗಿ ಕಾಣದಾಗುತ್ತದೆ. ಬೂಷ್ಟು ಕರಗುವುದಿಲ್ಲ, ಒದ್ದೆಯಾಗಿ ಮೆತ್ತಿಕೊಳ್ಳುತ್ತದೆ. ಇನ್ನೊಂದು ಗುರುತು: ಉಪ್ಪು ಇಟ್ಟಿಗೆ, ಕಲ್ಲು, ಗಾರೆಯ ಮೇಲೆ ಮಾತ್ರ ಏಳುತ್ತದೆ. ಮರದ ಮೇಲೆ, ಚರ್ಮದ ಮೇಲೆ ಬಿಳಿ ಪದರ ಕಂಡರೆ ಅದು ಹೆಚ್ಚಾಗಿ ಬೂಷ್ಟೇ. ಉಪ್ಪು ಕಂಡಿತು ಅಂದರೆ ನಿಶ್ಚಿಂತೆ ಅಂತಲ್ಲ. ಗೋಡೆಯೊಳಗೆ ನೀರು ಓಡಾಡುತ್ತಿದೆ ಅನ್ನುವುದಕ್ಕೆ ಅದಕ್ಕಿಂತ ಒಳ್ಳೆ ಸಾಕ್ಷಿ ಬೇಕಿಲ್ಲ.

ಕಪ್ಪು ಕಲೆ ಬರೀ ಕೊಳೆಯೋ, ಮಸಿಯೋ ಅಂತ ಅನುಮಾನ ಇದ್ದರೆ ನೀರು ಬೆರೆಸಿದ ಬ್ಲೀಚನ್ನು ಹತ್ತಿಯಲ್ಲಿ ಅದ್ದಿ ಒಂದು ಚುಕ್ಕೆಯ ಮೇಲೆ ಇಡಿ. ಒಂದೆರಡು ನಿಮಿಷದಲ್ಲಿ ಬಣ್ಣ ತೆಳುವಾದರೆ ಬೂಷ್ಟು, ಹಾಗೇ ಉಳಿದರೆ ಕೊಳೆ. ಮನೆಯ ಹೊರಗೋಡೆಯಲ್ಲಿ, ಬೆಳಕು ಬೀಳುವ ಕಡೆ ಹಸಿರು ಪದರ ಇದ್ದರೆ ಅದು ಹೆಚ್ಚಾಗಿ ಪಾಚಿ.

ಬಣ್ಣ ನೋಡಿ ಗಾಬರಿ ಆಗಬೇಡಿ. ಕಪ್ಪು ಬೂಷ್ಟು ವಿಷ, ಹಸಿರು ಆದರೆ ಪರವಾಗಿಲ್ಲ ಅನ್ನುವ ಲೆಕ್ಕ ನಿಲ್ಲುವುದಿಲ್ಲ. ಬಣ್ಣದಿಂದ ಜಾತಿ ತಿಳಿಯುವುದಿಲ್ಲ. ಮನೆಯೊಳಗೆ ಸಾಮಾನ್ಯವಾಗಿ ಸಿಗುವ ಕ್ಲಾಡೋಸ್ಪೋರಿಯಂ, ಆಸ್ಪರ್ಜಿಲಸ್ ಜಾತಿಗಳಲ್ಲೂ ಕಪ್ಪಗೆ ಕಾಣುವವು ಇವೆ. ಜಾತಿ ಪತ್ತೆಗೆ ಲ್ಯಾಬಿಗೆ ಕಳಿಸಿ ಖರ್ಚು ಮಾಡುವ ಅಗತ್ಯವೂ ಮನೆಗಳಲ್ಲಿ ಸಾಮಾನ್ಯವಾಗಿ ಬರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಮನೆಯೊಳಗಿನ ತೇವ ಮತ್ತು ಬೂಷ್ಟಿನ ಬಗ್ಗೆ ಮಾರ್ಗಸೂಚಿ ಹೊರತಂದಿತು. ಇಷ್ಟು ಬೂಷ್ಟು ಇದ್ದರೆ ಸುರಕ್ಷಿತ ಅನ್ನುವ ಮಿತಿಯನ್ನು ಅದರಲ್ಲಿ ಕೊಡಲಿಲ್ಲ. ತೇವವನ್ನೇ ತಡೆಯಿರಿ, ಬಂದದ್ದನ್ನು ಸರಿಪಡಿಸಿ ಅಂದಿತು. ಯಾವ ಜಾತಿ ಬಂದರೂ ಮಾಡಬೇಕಾದ ಕೆಲಸ ಒಂದೇ.

ಕಲೆ ಇರುವ ಜಾಗವೇ ಅರ್ಧ ಉತ್ತರ

ರಾತ್ರಿ ಲೈಟ್ ಆರಿಸಿ, ಟಾರ್ಚನ್ನು ಗೋಡೆಗೆ ಒರಗಿಸಿ ಅಡ್ಡಲಾಗಿ ಬೆಳಕು ಬಿಡಿ. ಹಗಲಲ್ಲಿ ಸಪಾಟಾಗಿ ಕಂಡ ಗೋಡೆಯಲ್ಲಿ ಎಲ್ಲಿ ಪೇಂಟ್ ಉಬ್ಬಿದೆ, ಎಲ್ಲಿ ಗಾರೆ ಸಡಿಲ ಆಗಿದೆ, ಎಲ್ಲಿ ತೆಳು ನವಿರು ಬೆಳೆದಿದೆ ಎಲ್ಲ ನೆರಳಿನಲ್ಲಿ ಎದ್ದು ಕಾಣುತ್ತದೆ. ಬೀರುವಿನ ಹಿಂಬದಿ, ಮಂಚದ ತಲೆಭಾಗದ ಹಿಂದೆ, ಪರದೆಯ ಹಿಂದೆ, ಸಿಂಕಿನ ಕೆಳಗೆ ಇದೇ ರೀತಿ ನೋಡಿ.

ಈಗ ಆಕಾರ ಗಮನಿಸಿ. ನೆಲದಿಂದ ಶುರುವಾಗಿ ಸುಮಾರು ಒಂದು ಮೀಟರ್ ಎತ್ತರದವರೆಗೆ ಅಡ್ಡ ಪಟ್ಟಿಯ ಹಾಗೆ ಇದ್ದು, ಮೇಲಂಚಿನಲ್ಲಿ ಉಪ್ಪು ಕಟ್ಟಿದ್ದರೆ ನೆಲದ ತೇವ ಮೇಲೇರುತ್ತಿದೆ. ಸೀಲಿಂಗಿನಲ್ಲಿ ಕಂದು ಅಂಚಿನ ಉಂಗುರ ಇದ್ದರೆ ಮೇಲಿಂದ ಸೋರಿಕೆ. ಅದರಲ್ಲೂ ಉಂಗುರದೊಳಗೆ ಉಂಗುರ ಇದ್ದರೆ ಸೋರಿ, ಒಣಗಿ, ಮತ್ತೆ ಸೋರಿದ್ದು ಅಂತ ಅರ್ಥ. ಕಿಟಕಿಯ ಕೆಳಮೂಲೆಯಿಂದ ಓರೆಯಾಗಿ ಇಳಿದಿದ್ದರೆ ಮಳೆನೀರು ಚೌಕಟ್ಟಿನ ಸಂದಿಯಿಂದ ಒಳಗೆ ಬರುತ್ತಿದೆ. ಇದ್ಯಾವುದೂ ಅಲ್ಲದೆ, ನಿರ್ದಿಷ್ಟ ಅಂಚೇ ಇಲ್ಲದೆ ಸಾಸಿವೆ ಎರಚಿದ ಹಾಗೆ ಚುಕ್ಕೆ ಚುಕ್ಕೆಯಾಗಿ ಮೂಲೆಗಳಲ್ಲಿ, ಸಾಮಾನಿನ ಹಿಂದೆ ಬಂದಿದ್ದರೆ ಗಾಳಿಯ ತೇವವೇ ಕಾರಣ ಇರಬೇಕು.

ಯಾವಾಗ ಜಾಸ್ತಿ ಆಗುತ್ತದೆ ಅನ್ನುವುದು ಇನ್ನರ್ಧ ಉತ್ತರ. ಜೋರು ಮಳೆಯ ನಂತರ ಹರಡುತ್ತದಾ? ಬೇಸಿಗೆಯಲ್ಲೂ ಒಂದೇ ಸಮ ಒದ್ದೆ ಇದೆಯಾ? ಬಾತ್‌ರೂಮ್ ಬಳಸಿದ ದಿನ ಮಾತ್ರ ಬರುತ್ತದಾ? ಎಸಿ ಓಡಿದ ವಾರ ಮಾತ್ರನಾ? ಎರಡು ವಾರ ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟರೆ ಪ್ಲಂಬರನ್ನು ಕರೆಸಿ ಸುಮ್ನೆ ಗೋಡೆ ಒಡೆಸುವುದು ತಪ್ಪುತ್ತದೆ.

ಫಾಯಿಲ್ ಅಂಟಿಸಿ ನೋಡುವುದು

ನೀರು ಗೋಡೆಯೊಳಗಿಂದ ಬರುತ್ತಿದೆಯೋ, ರೂಮಿನ ಗಾಳಿಯಿಂದ ಗೋಡೆಗೆ ಕೂರುತ್ತಿದೆಯೋ ಅನ್ನುವ ಗೊಂದಲಕ್ಕೆ ಅಲ್ಯೂಮಿನಿಯಂ ಫಾಯಿಲ್ ಸಾಕು. ಗಟ್ಟಿ ಪ್ಲಾಸ್ಟಿಕ್ ಹಾಳೆಯೂ ಆಗುತ್ತದೆ. ಗೋಡೆಯ ಮೇಲ್ಮೈ ಒರೆಸಿ ಒಣಗಲು ಬಿಡಿ. 30 ಸೆಂಟಿಮೀಟರ್ ಚೌಕದ ತುಂಡನ್ನು ನಾಲ್ಕೂ ಅಂಚಿಗೆ ಟೇಪ್ ಹಾಕಿ, ಗಾಳಿ ಆಡದ ಹಾಗೆ ಅಂಟಿಸಿ. ಅಂಥದ್ದೇ ಇನ್ನೊಂದು ತುಂಡನ್ನು ಕಲೆಯೇ ಇಲ್ಲದ ಒಳಗೋಡೆಗೂ ಅಂಟಿಸಿ. ಹೋಲಿಸಿ ನೋಡಲು ಅದು ಬೇಕೇ ಬೇಕು. ಒಂದೆರಡು ದಿನ ಬಿಟ್ಟು ಬಿಚ್ಚಿ.

ರೂಮಿನ ಕಡೆಯ ಮುಖ ಬೆವತಿದ್ದರೆ ಗಾಳಿಯ ತೇವ. ಗೋಡೆಯ ಕಡೆಯ ಮುಖದಲ್ಲಿ ಹನಿ ಇದ್ದರೆ, ಅಥವಾ ಆ ಚೌಕದಷ್ಟೇ ಗೋಡೆ ಕಪ್ಪಾಗಿ ಒದ್ದೆ ಕಂಡರೆ ನೀರು ಗೋಡೆಯೊಳಗಿದೆ. ಎರಡೂ ಕಡೆ ಒದ್ದೆ ಇದ್ದರೆ ಎರಡೂ ತೊಂದರೆ ಇದೆ. ಹಾಗೂ ಆಗುವುದುಂಟು.

ಎಸಿ ರೂಮಿನ ಹೊರಗೋಡೆಯಲ್ಲಿ ಈ ಪರೀಕ್ಷೆಯನ್ನು ಪೂರ್ತಿ ನಂಬಬೇಡಿ. ಅಲ್ಲಿ ಹೊರಗಿನ ಆವಿ ಗೋಡೆಯ ಮೂಲಕ ಒಳಮುಖವಾಗಿ ಬಂದು, ತಣ್ಣಗಿರುವ ಫಾಯಿಲಿನ ಹಿಂದೆ ನೀರಾಗಬಹುದು. ಸೋರಿಕೆ ಇಲ್ಲದಿದ್ದರೂ ಒದ್ದೆ ತೋರಿಸುತ್ತದೆ. ಎಸಿ ಆರಿಸಿ ಇನ್ನೊಮ್ಮೆ ಮಾಡಿ, ಎರಡನ್ನೂ ಹೋಲಿಸಿ.

ಒಂದು ಹೈಗ್ರೋಮೀಟರ್ ಇಟ್ಟುಕೊಳ್ಳಿ

ಗಾಳಿಯ ತೇವಾಂಶವನ್ನು ಮೈಯಿಂದ ಅಳೆಯಲು ಆಗುವುದಿಲ್ಲ. ತಂಪಾದ ರೂಮು ಒಣಗಿದೆ ಅನ್ನಿಸುತ್ತದೆ, ನೋಡಿದರೆ ಶೇ 75 ಇರುತ್ತದೆ. ಚಿಕ್ಕ ಡಿಜಿಟಲ್ ಹೈಗ್ರೋಮೀಟರ್ ಸಾಕು. ಆದರೆ ಅಗ್ಗದವು ಐದಾರು ಅಂಕ ಆಚೀಚೆ ತೋರಿಸುತ್ತವೆ. ಅದನ್ನು ಮನೆಯಲ್ಲೇ ತಾಳೆ ನೋಡಬಹುದು. ಒಂದು ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ, ಗಟ್ಟಿ ಹಿಟ್ಟಿನ ಹದಕ್ಕೆ ಬರುವಷ್ಟು ಮಾತ್ರ ನೀರು ಬೆರೆಸಿ. ಉಪ್ಪು ಪೂರ್ತಿ ಕರಗಬಾರದು. ಮುಚ್ಚಳವನ್ನೂ ಮೀಟರನ್ನೂ ಗಾಳಿಯಾಡದ ಡಬ್ಬಿಯಲ್ಲಿಟ್ಟು ಒಂದು ರಾತ್ರಿ ಬಿಡಿ. ಒದ್ದೆ ಉಪ್ಪಿನ ಮೇಲಿನ ಗಾಳಿ ಶೇ 75ಕ್ಕೆ ಬಂದು ನಿಲ್ಲುತ್ತದೆ. ಮೀಟರ್ 70 ತೋರಿಸಿದರೆ ಇನ್ನು ಮುಂದೆ ಅದರ ಲೆಕ್ಕಕ್ಕೆ 5 ಸೇರಿಸಿಕೊಳ್ಳಿ.

ಗುರಿ ಶೇ 60ರ ಕೆಳಗೆ. ಮೇಲ್ಮೈಯ ಹತ್ತಿರದ ತೇವಾಂಶ ಶೇ 80ರ ಮೇಲೆ ದಿನಗಟ್ಟಲೆ ನಿಂತರೆ ಬೂಷ್ಟು ಮೊಳೆಯುತ್ತದೆ. ರೂಮಿನ ನಡುವೆ ಶೇ 65 ಇದ್ದರೂ ತಣ್ಣನೆ ಮೂಲೆಯ ಗೋಡೆಗೆ ತಾಗಿದ ಗಾಳಿ ಸಲೀಸಾಗಿ 80 ದಾಟುತ್ತದೆ. ಅದಕ್ಕೇ ಮೀಟರನ್ನು ಟೇಬಲ್ ಮೇಲೆ ಅಲ್ಲ, ಕಲೆ ಇರುವ ಮೂಲೆಯಲ್ಲಿ, ಬೀರುವಿನೊಳಗೆ, ಮಂಚದ ಹಿಂದೆ ಒಂದೊಂದು ದಿನ ಇಟ್ಟು ನೋಡಬೇಕು.

ಸೋರಿಕೆ ಅಂತ ಕಂಡರೆ

ಸ್ವಿಚ್ ಬೋರ್ಡಿನ ಹತ್ತಿರ ಗೋಡೆ ಒದ್ದೆ ಇದ್ದರೆ ಮೊದಲು ಮೇನ್ ಆರಿಸಿ, ಎಲೆಕ್ಟ್ರಿಷಿಯನ್ ಕರೆಸಿ. ಉಳಿದದ್ದೆಲ್ಲ ಆಮೇಲೆ.

ಮಳೆ ಇಲ್ಲದ ದಿನವೂ ಒದ್ದೆ ಆರದಿದ್ದರೆ ನೀರು ಬರುವ ಪೈಪನ್ನು ಅನುಮಾನಿಸಿ. ಎಲ್ಲ ನಲ್ಲಿ ಮುಚ್ಚಿ, ನೀರಿನ ಮೀಟರಿನ ಅಂಕಿ ಬರೆದಿಟ್ಟು, ಎರಡು ಗಂಟೆ ಯಾರೂ ನೀರು ಮುಟ್ಟದೆ ಮತ್ತೆ ನೋಡಿ. ಅಂಕಿ ಓಡಿದ್ದರೆ ಎಲ್ಲೋ ಸೋರುತ್ತಿದೆ. ಮೇಲಿನ ಟ್ಯಾಂಕಿನಿಂದ ನೀರು ಬರುವ ಮನೆಯಾದರೆ, ಟ್ಯಾಂಕಿಗೆ ನೀರು ಬರುವ ವಾಲ್ವ್ ಮುಚ್ಚಿ ರಾತ್ರಿ ನೀರಿನ ಮಟ್ಟಕ್ಕೆ ಗುರುತು ಹಾಕಿ ಬೆಳಿಗ್ಗೆ ನೋಡಿದರೆ ಗೊತ್ತಾಗುತ್ತದೆ. ಫ್ಲಶ್ ಟ್ಯಾಂಕಿನ ಸೋರಿಕೆಯಿಂದಲೂ ಅಂಕಿ ಓಡುತ್ತದೆ. ಅದಕ್ಕೆ ಫ್ಲಶ್ ಟ್ಯಾಂಕಿನಲ್ಲಿ ಸ್ವಲ್ಪ ಬಣ್ಣ ಹಾಕಿ, ಫ್ಲಶ್ ಮಾಡದೆ ಬಿಟ್ಟು, ಕಮೋಡಿಗೆ ಬಣ್ಣ ಇಳಿಯುತ್ತದಾ ನೋಡಿ ಅದನ್ನು ಮೊದಲು ಬದಿಗಿಡಿ.

ಹೊರಹೋಗುವ ಪೈಪಿನ ಸೋರಿಕೆ ಮೀಟರಿನಲ್ಲಿ ಕಾಣುವುದಿಲ್ಲ, ಬಳಸಿದಾಗ ಮಾತ್ರ ಸೋರುತ್ತದೆ. ಬಾತ್‌ರೂಮಿನ ಆಚೆ ಬದಿಯ ಗೋಡೆಗೆ ಬೂಷ್ಟು ಬಂದಿದ್ದರೆ ಹಂತ ಹಂತವಾಗಿ ನೋಡಿ. ಮೂರ್ನಾಲ್ಕು ದಿನ ಆ ಬಾತ್‌ರೂಮ್ ಬಳಸದೆ ಒಣಗಲು ಬಿಡಿ. ಒಂದು ದಿನ ನೆಲ ಒದ್ದೆಯಾಗದ ಹಾಗೆ ನೇರ ಡ್ರೈನಿಗೆ ಮಾತ್ರ ಒಂದೆರಡು ಬಕೆಟ್ ಸುರಿಯಿರಿ. ಒದ್ದೆ ಕಾಣಿಸಿಕೊಂಡರೆ ಡ್ರೈನ್ ಪೈಪ್ ಅಥವಾ ಅದರ ಜಾಯಿಂಟ್. ಇಲ್ಲದಿದ್ದರೆ ಮಾರನೇ ದಿನ ನೆಲಕ್ಕೆ ನೀರು ಹಾಕಿ, ಅದರ ಮಾರನೇ ದಿನ ಗೋಡೆಯ ಟೈಲ್ಸಿಗೆ ಶವರ್ ಬಿಡಿ. ಗೋಡೆಗೆ ನೀರು ಬಿಟ್ಟಾಗ ಮಾತ್ರ ಒದ್ದೆಯಾದರೆ ಟೈಲ್ಸಿನ ಸಂದಿಯ ಗ್ರೌಟ್ ಹೋಗಿದೆ, ಅಥವಾ ಶವರಿನ ಪೈಪ್ ಗೋಡೆಯಿಂದ ಹೊರಬರುವ ತೂತು ಸೀಲ್ ಆಗಿಲ್ಲ. ಎಷ್ಟೋ ಮನೆಯಲ್ಲಿ ಇಡೀ ಬಾತ್‌ರೂಮ್ ಒಡೆಸಲು ಹೊರಟ ಕೆಲಸ ಆ ತೂತಿಗೆ ಸಿಲಿಕೋನ್ ತುಂಬಿದಲ್ಲಿಗೆ ಮುಗಿಯುತ್ತದೆ.

ಮಳೆನೀರಾದರೆ ತಾರಸಿಯಲ್ಲಿ ಶುರು ಮಾಡಿ. ನೀರು ಇಳಿಯುವ ಬಾಯಿ ಮುಚ್ಚಿ, ಎರಡರಿಂದ ಐದು ಸೆಂಟಿಮೀಟರ್ ನೀರು ಒಂದು ದಿನ ನಿಲ್ಲಿಸಿ ಕೆಳಗೆ ಸೀಲಿಂಗ್ ನೋಡಬಹುದು. ಅದಕ್ಕಿಂತ ಜಾಸ್ತಿ ನಿಲ್ಲಿಸಬೇಡಿ, ನೀರಿನ ಭಾರ ಸಣ್ಣದಲ್ಲ. ಹಳೇ ಛಾವಣಿ, ಬಿರುಕು ಬಿಟ್ಟ ಛಾವಣಿಗೆ ಈ ಪರೀಕ್ಷೆಯೇ ಬೇಡ.

ಹೊರಗೋಡೆಗೆ ಪೈಪಿನಿಂದ ನೀರು ಬಿಟ್ಟು ನೋಡುವಾಗ ಒಂದು ನಿಯಮ: ಕೆಳಗಿನಿಂದ ಮೇಲಕ್ಕೆ ಹೋಗಿ. ಮೊದಲು ಕಿಟಕಿಯ ಕೆಳಗಿನ ಗೋಡೆಗೆ ಹತ್ತು ಹದಿನೈದು ನಿಮಿಷ, ಆಮೇಲೆ ಕೆಳ ಚೌಕಟ್ಟಿಗೆ, ಆಮೇಲೆ ಪಕ್ಕದ ಸಂದಿಗೆ, ಕೊನೆಗೆ ಸಜ್ಜಾಕ್ಕೆ. ಒಳಗೆ ಇನ್ನೊಬ್ಬರು ಟಾರ್ಚ್ ಹಿಡಿದು ನೋಡುತ್ತಿರಲಿ. ಮೇಲಿನಿಂದ ಶುರು ಮಾಡಿದರೆ ನೀರು ಎಲ್ಲ ಕಡೆಯೂ ಇಳಿದು ಯಾವ ಸಂದಿ ತಪ್ಪಿತಸ್ಥ ಅಂತ ಗೊತ್ತೇ ಆಗುವುದಿಲ್ಲ. ಸಜ್ಜಾದ ತಳಭಾಗವನ್ನೂ ನೋಡಿ. ಅಂಚಿನ ಹತ್ತಿರ ನೀರು ಹನಿದು ಬೀಳಲು ಸಣ್ಣ ತೋಡು ಇರಬೇಕು. ಅದಿಲ್ಲದಿದ್ದರೆ ನೀರು ತಳಕ್ಕೆ ಅಂಟಿಕೊಂಡೇ ಗೋಡೆಯವರೆಗೆ ಹರಿದು ಬರುತ್ತದೆ.

ನೆಲದ ತೇವ ಮೇಲೇರುವ ತೊಂದರೆಗೆ ಮನೆಯವರೇ ಮಾಡಬಹುದಾದದ್ದು ಸ್ವಲ್ಪವೇ ಇದೆ. ಗೋಡೆಗೆ ತಾಗಿ ಮಣ್ಣು ಒಳಗಿನ ನೆಲದ ಮಟ್ಟಕ್ಕಿಂತ ಎತ್ತರ ಬಂದಿದ್ದರೆ ತಗ್ಗಿಸಿ, ಹೂಕುಂಡ ದೂರ ಇಡಿ, ಛಾವಣಿಯ ನೀರು ಬುಡಕ್ಕೆ ಬೀಳದ ಹಾಗೆ ಮಾಡಿ. ಅಷ್ಟಕ್ಕೂ ನಿಲ್ಲದಿದ್ದರೆ ತೇವ ತಡೆಯುವ ಪದರದ ಕೆಲಸ ಗೊತ್ತಿರುವವರು ಬೇಕು.

ಗಾಳಿಯ ತೇವ: ಎಸಿ ಇಲ್ಲದ ಮನೆ

ಸೋರಿಕೆ ಇಲ್ಲ, ಆದರೂ ಬೂಷ್ಟು. ತೇವದ ಹವೆಯಲ್ಲಿ ತುಂಬಾ ಸಾಮಾನ್ಯವಾದ ದೂರು ಇದು.

ಮೊದಲು ಮನೆಯೊಳಗೇ ಹುಟ್ಟುವ ಆವಿ ಲೆಕ್ಕ ಹಾಕಿ. ವಾಷಿಂಗ್ ಮೆಷಿನ್ನಿಂದ ತೆಗೆದ ಒಂದು ಲೋಡ್ ಬಟ್ಟೆಯನ್ನು ರೂಮಿನಲ್ಲಿ ಒಣಗಿಸಿದರೆ ಸುಮಾರು 2 ಲೀಟರ್ ನೀರು ಆ ರೂಮಿನ ಗಾಳಿಗೆ ಸೇರುತ್ತದೆ. 1 ಕೆಜಿ ಎಲ್‌ಪಿಜಿ ಉರಿದರೆ ಒಲೆಯಿಂದಲೇ ಸುಮಾರು 1.6 ಕೆಜಿ ನೀರು ಆವಿಯಾಗಿ ಹೊರಬರುತ್ತದೆ, ಪಾತ್ರೆಯಿಂದ ಏಳುವ ಆವಿ ಬೇರೆ. ಸ್ನಾನದ ಬಿಸಿನೀರಿನದು ಇನ್ನೂ ಬೇರೆ. ಅಡುಗೆಮನೆ, ಬಾತ್‌ರೂಮಿನ ಎಕ್ಸಾಸ್ಟ್ ಫ್ಯಾನ್ ನಿಜವಾಗಿ ಎಳೆಯುತ್ತಿದೆಯಾ ನೋಡಲು ಒಂದು ಹಾಳೆ ಟಿಶ್ಯೂ ಹಿಡಿಯಿರಿ. ಜಾಲರಿಗೆ ಅಂಟಿಕೊಂಡು ನಿಲ್ಲಬೇಕು. ನಿಲ್ಲದಿದ್ದರೆ ಫ್ಯಾನಿಗೆ ಧೂಳು ಮೆತ್ತಿದೆ, ಇಲ್ಲವೇ ಬಾಗಿಲ ಕೆಳಗೆ ಗಾಳಿ ಒಳಬರಲು ಸಂದಿಯೇ ಇಲ್ಲ. ಫ್ಯಾನಿನ ಗಾಳಿ ಫಾಲ್ಸ್ ಸೀಲಿಂಗಿನೊಳಗೆ ಹೋಗದೆ ಪೂರ್ತಿ ಹೊರಗೇ ಹೋಗುತ್ತದಾ ಅಂತಲೂ ಖಾತ್ರಿ ಮಾಡಿಕೊಳ್ಳಿ. ಸ್ನಾನ ಮುಗಿದ ಮೇಲೆ 20-30 ನಿಮಿಷ ಓಡಲಿ.

ಕಿಟಕಿ ಯಾವಾಗ ತೆಗೆಯಬೇಕು ಅನ್ನುವುದಕ್ಕೆ ಲೆಕ್ಕ ಇದೆ. ಬೆಳಿಗ್ಗೆ 26 ಡಿಗ್ರಿಯಲ್ಲಿ ಶೇ 90 ತೇವಾಂಶ ಇದ್ದ ಗಾಳಿ, ನೀರಿನ ಪ್ರಮಾಣ ಅಷ್ಟೇ ಇದ್ದು ಮಧ್ಯಾಹ್ನ 32 ಡಿಗ್ರಿಗೆ ಕಾದರೆ ಸುಮಾರು ಶೇ 65ಕ್ಕೆ ಇಳಿಯುತ್ತದೆ. ಬಟ್ಟೆ, ಹಾಸಿಗೆ, ಪುಸ್ತಕ ಆಗ ನೀರು ಬಿಟ್ಟುಕೊಡುತ್ತವೆ. ಹಾಗಾಗಿ ಬೀರು ತೆರೆದಿಟ್ಟು, ಫ್ಯಾನ್ ಹಾಕಿ, ಎದುರುಬದುರು ಕಿಟಕಿ ತೆಗೆಯುವ ಹೊತ್ತು ಬಿಸಿಲೇರಿದ ಮೇಲಿನದು. ರಾತ್ರಿ, ಮುಂಜಾನೆ ಬೀರು ತೆರೆದಿಡುವುದರಿಂದ ಲಾಭ ಇಲ್ಲ. ಇದಕ್ಕೊಂದು ಅಪವಾದ ಇದೆ. ಕೆಲವು ತಂಪು ದಿನಗಳ ನಂತರ ಒಮ್ಮೆಲೇ ಸೆಕೆಯ ತೇವದ ಗಾಳಿ ಬಂದಾಗ ನೆಲ, ಗೋಡೆ ಬೆವರುತ್ತವೆ. ಅಂಥ ದಿನ ನೆಲ ಬೆಚ್ಚಗಾಗುವವರೆಗೆ ಕಿಟಕಿ ಮುಚ್ಚಿಡುವುದೇ ಸರಿ.

ಸಾಮಾನುಗಳನ್ನು ಗೋಡೆಯಿಂದ 5-10 ಸೆಂಟಿಮೀಟರ್ ಮುಂದಕ್ಕೆ ಎಳೆಯಿರಿ. ನಿಂತ ಗಾಳಿಯಲ್ಲಿ ಬೂಷ್ಟು ಬೇಗ ಕೂರುತ್ತದೆ, ಫ್ಯಾನ್ ಗಾಳಿ ಆಡುವ ಗೋಡೆ ಎಷ್ಟೋ ಪಾಲು ಚೆನ್ನಾಗಿರುತ್ತದೆ. ಎಡೆಬಿಡದೆ ಮಳೆ ಸುರಿಯುವ ತಿಂಗಳಲ್ಲಿ ಇದ್ಯಾವುದೂ ಸಾಲದಿದ್ದರೆ ಡಿಹ್ಯೂಮಿಡಿಫೈಯರ್, ಅಂದರೆ ಗಾಳಿಯಿಂದ ನೀರು ಹಿಂಡಿ ತೆಗೆಯುವ ಯಂತ್ರ ಬೇಕಾಗುತ್ತದೆ. ಬೆಚ್ಚಗಿನ ಹವೆಗೆ ಕಂಪ್ರೆಸರ್ ಇರುವ ಬಗೆ ಚೆನ್ನಾಗಿ ಕೆಲಸ ಮಾಡುತ್ತದೆ. ಅದನ್ನು ಓಡಿಸುವಾಗ ಮಾತ್ರ ಕಿಟಕಿ ಬಾಗಿಲು ಮುಚ್ಚಿರಲೇಬೇಕು. ಇಲ್ಲದಿದ್ದರೆ ಇಡೀ ಊರಿನ ಗಾಳಿ ಒಣಗಿಸಲು ಹೊರಟ ಹಾಗೆ.

ಗಾಳಿಯ ತೇವ: ಎಸಿ ಇರುವ ಮನೆ

30 ಡಿಗ್ರಿ, ಶೇ 80 ತೇವಾಂಶದ ಗಾಳಿಯ ಪ್ರತಿ ಘನ ಮೀಟರಿನಲ್ಲಿ ಸುಮಾರು 24 ಗ್ರಾಂ ನೀರಿನ ಆವಿ ಇರುತ್ತದೆ. 22 ಡಿಗ್ರಿಯ ಗಾಳಿ ಹಿಡಿದಿಟ್ಟುಕೊಳ್ಳಬಲ್ಲದ್ದು ಸುಮಾರು 19 ಗ್ರಾಂ ಮಾತ್ರ. ಉಳಿದದ್ದು ಎಲ್ಲಿ ಹೋಗಬೇಕು? ಗೋಡೆ, ಕಿಟಕಿ ಗಾಜು, ಬೀರುವಿನ ಮೇಲೆ ನೀರಾಗಿ ಕೂರುತ್ತದೆ. ಆ ಹೊರಗಿನ ಗಾಳಿಯ ಇಬ್ಬನಿ ಬಿಂದು ಸುಮಾರು 26 ಡಿಗ್ರಿ, ಅಂದರೆ ಅದಕ್ಕಿಂತ ತಣ್ಣಗಿರುವ ಯಾವುದನ್ನೇ ಮುಟ್ಟಿದರೂ ಅದು ಬೆವರಿಸುತ್ತದೆ. ಎಸಿ ಮನೆಯ ಬೂಷ್ಟಿನ ಮುಕ್ಕಾಲು ಕಥೆ ಈ ಎರಡು ಲೆಕ್ಕದಲ್ಲಿದೆ.

ಹಾಗಾಗಿ ಮೊದಲು ನೋಡಬೇಕಾದ್ದು ಹೊರಗಿನ ಗಾಳಿ ನುಸುಳುವ ಸಂದಿಗಳು. ಕಿಟಕಿ ಚೌಕಟ್ಟಿನುದ್ದ, ಎಸಿ ಪೈಪು ಗೋಡೆ ದಾಟುವ ತೂತಿನ ಸುತ್ತ, ಸೀಲಿಂಗ್ ಲೈಟಿನ ತೂತಿನ ಸುತ್ತ ಕಪ್ಪು ಗೆರೆ ಇದೆಯಾ? ಅಲ್ಲಿಂದಲೇ ಬರುತ್ತಿದೆ. ಮುಚ್ಚಿ.

ಎರಡನೆಯದು ಎಸಿಯ ಸೆಟ್ಟಿಂಗ್. 20ಕ್ಕೆ ಇಟ್ಟರೆ ಗೋಡೆ ಜಾಸ್ತಿ ತಣ್ಣಗಾಗುತ್ತದೆ, ಬೂಷ್ಟಿಗೆ ಅನುಕೂಲ. 25-26ಕ್ಕೆ ಇಟ್ಟು ಫ್ಯಾನ್ ಜೊತೆ ಓಡಿಸಿದರೆ ಮೈಗೂ ಹಿತ, ಗೋಡೆಗೂ ಹಿತ. ಎಸಿಯೊಳಗಿನ ಫ್ಯಾನ್ ‘ಆಟೋ’ದಲ್ಲಿರಲಿ. ಕಂಪ್ರೆಸರ್ ನಿಂತ ಮೇಲೂ ಫ್ಯಾನ್ ಓಡುತ್ತಿದ್ದರೆ ಕಾಯಿಲ್ ಮೇಲೆ ಕೂತ ನೀರು ಮತ್ತೆ ಆವಿಯಾಗಿ ರೂಮಿಗೇ ಬರುತ್ತದೆ.

ಮೀಟರ್ 22 ಡಿಗ್ರಿ ತೋರಿಸುತ್ತಿದೆ, ತೇವಾಂಶ ಮಾತ್ರ ಶೇ 70ರ ಕೆಳಗೆ ಇಳಿಯುತ್ತಲೇ ಇಲ್ಲ ಅಂದರೆ ರೂಮಿಗೆ ಎಸಿ ದೊಡ್ಡದಾಗಿದೆ ಅಂತ ಅನುಮಾನಿಸಿ. ದೊಡ್ಡ ಎಸಿ ಬೇಗ ತಂಪು ಮಾಡಿ ನಿಂತುಬಿಡುತ್ತದೆ. ಗಾಳಿಯಿಂದ ನೀರು ಹಿಂಡಿ ತೆಗೆಯಲು ಅದು ಬಹಳ ಹೊತ್ತು ಓಡಬೇಕು, ಅದಕ್ಕೆ ಅವಕಾಶವೇ ಸಿಗುವುದಿಲ್ಲ. ಡ್ರೈ ಮೋಡ್ ಇದ್ದರೆ ಬಳಸಿ. ಹೊಸದು ಕೊಳ್ಳುವಾಗ ‘ಇರಲಿ, ಒಂದು ಸೈಜ್ ದೊಡ್ಡದೇ ಹಾಕಿಬಿಡೋಣ’ ಅನ್ನುವ ಮಾತಿಗೆ ಒಪ್ಪಬೇಡಿ.

ತುಂಬಾ ಜನ ತಪ್ಪು ದಾರಿ ಹಿಡಿಯುವ ಒಂದು ಪ್ರಕರಣ ಇದೆ. ಬೂಷ್ಟು ಎಸಿಯೇ ಇಲ್ಲದ ರೂಮಿನಲ್ಲಿ ಬಂದಿರುತ್ತದೆ, ಗೋಡೆಯೊಳಗೆ ಪೈಪೂ ಇರುವುದಿಲ್ಲ. ಆ ಗೋಡೆಯ ಆಚೆ ಏನಿದೆ ನೋಡಿ. ಪಕ್ಕದ ರೂಮಿನ ಎಸಿ ಗೋಡೆಯನ್ನು ತಣ್ಣಗೆ ಮಾಡಿರುತ್ತದೆ, ಈ ಕಡೆಯ ಸೆಕೆ ಗಾಳಿ ಅದಕ್ಕೆ ತಾಗಿ ಬೆವರುತ್ತದೆ. ಕೈಯಿಟ್ಟು ನೋಡಿದರೆ ಆ ಗೋಡೆ ಮಿಕ್ಕ ಗೋಡೆಗಳಿಗಿಂತ ತಣ್ಣಗಿರುತ್ತದೆ. ಪಕ್ಕದ ಎಸಿ ಎರಡು ಮೂರು ಡಿಗ್ರಿ ಏರಿಸಿ, ಈ ಕಡೆ ಬೀರು ಮುಂದಕ್ಕೆಳೆದು ಗಾಳಿ ಆಡಲು ಬಿಟ್ಟರೆ ಎಷ್ಟೋ ಸಲ ಅಷ್ಟಕ್ಕೇ ನಿಲ್ಲುತ್ತದೆ.

ಹೊರಗೋಡೆಯ ಒಳಬದಿಗೆ ವಿನೈಲ್ ವಾಲ್‌ಪೇಪರ್ ಹಚ್ಚಿದ ಎಸಿ ರೂಮಿನಲ್ಲಿ ಗುಲಾಬಿ ಛಾಯೆಯ ಕಲೆ ಕಂಡರೆ ಒಂದು ಅಂಚು ಬಿಡಿಸಿ ನೋಡಿ. ಹೊರಗಿನಿಂದ ಬಂದ ಆವಿ ವಾಲ್‌ಪೇಪರ್ ದಾಟಲಾಗದೆ ಹಿಂದೆಯೇ ನಿಂತು, ಅಂಟಿನ ಮೇಲೆ ಬೂಷ್ಟು ಬೆಳೆದಿರುತ್ತದೆ. ಮುಂಭಾಗ ಒರೆಸಿ ಪ್ರಯೋಜನ ಇಲ್ಲ, ಅದನ್ನು ಕಿತ್ತು ಉಸಿರಾಡುವ ಪೇಂಟ್ ಹಚ್ಚಬೇಕು.

ಎಸಿ ಹಾಕಿದ ಮೊದಲ ಕೆಲವು ನಿಮಿಷ ಮುಗ್ಗಲು ವಾಸನೆ ಬರುತ್ತಿದ್ದರೆ ಬೂಷ್ಟು ಎಸಿಯೊಳಗೇ ಇದೆ. ಗಾಳಿ ಬರುವ ಬಾಯಿಗೆ ಟಾರ್ಚ್ ಹಿಡಿದು ಒಳಗಿನ ಉರುಳೆ ಫ್ಯಾನಿನ ರೆಕ್ಕೆ ನೋಡಿ, ಕಪ್ಪು ಚುಕ್ಕೆ ಕಾಣುತ್ತದೆ. ಫಿಲ್ಟರ್ ತೊಳೆಯುವುದು ನಮ್ಮ ಕೆಲಸ. ಕಾಯಿಲ್, ಫ್ಯಾನ್, ನೀರಿನ ತಟ್ಟೆ ಮತ್ತು ಡ್ರೈನ್ ಪೈಪ್ ಬಿಚ್ಚಿ ತೊಳೆಯುವುದನ್ನು ಸರ್ವಿಸ್‌ನವರಿಂದ ಮಾಡಿಸಿ, ಬರೀ ಫಿಲ್ಟರ್ ತೊಳೆದು ಹೋಗಲು ಬಿಡಬೇಡಿ. ಎಸಿ ಓಡಿದ ದಿನಗಳಲ್ಲಿ ಮಾತ್ರ ಫಾಲ್ಸ್ ಸೀಲಿಂಗಿನಲ್ಲಿ ಕಲೆ ಬಂದರೆ ತಾಮ್ರದ ಪೈಪಿನ ಮೇಲಿನ ಕಪ್ಪು ಫೋಮ್ ಹರಿದು ಪೈಪು ಬೆವರುತ್ತಿದೆ, ಅಥವಾ ಡ್ರೈನ್ ಪೈಪಿಗೆ ಇಳಿಜಾರು ಸಾಲದು.

ಬೀರು, ಚರ್ಮ, ಪುಸ್ತಕ

ಬಟ್ಟೆ ಪೂರ್ತಿ ಒಣಗಿದೆ ಅನ್ನಿಸಿದ ಮೇಲೂ ಹೊಲಿಗೆ, ಸೊಂಟಪಟ್ಟಿ, ಜೇಬು ಮುಟ್ಟಿ ನೋಡಿ ಬೀರುವಿನಲ್ಲಿಡಿ. ಇಸ್ತ್ರಿ ಮಾಡಿದ ಬಟ್ಟೆಯಲ್ಲಿ ಹಬೆ ಉಳಿದಿರುತ್ತದೆ, ಸ್ವಲ್ಪ ಹೊತ್ತು ಹೊರಗೆ ತೂಗುಹಾಕಿ. ನುಸಿ ಗುಳಿಗೆ, ಕರ್ಪೂರ ಹುಳ ಓಡಿಸಬಹುದು, ತೇವ ಹೀರುವುದಿಲ್ಲ. ಸಿಲಿಕಾ ಜೆಲ್ ಗಾಳಿಯಾಡದ ಡಬ್ಬಿಯಲ್ಲಿ ತುಂಬಾ ಒಳ್ಳೆಯದು. ಸಂದಿ ಇರುವ ಬೀರುವಿನಲ್ಲಿ ಬೇಗ ತುಂಬಿಹೋಗುತ್ತದೆ. ಅಲ್ಲಿಗೆ ನೀರು ಸಂಗ್ರಹಿಸುವ ಕ್ಯಾಲ್ಸಿಯಂ ಕ್ಲೋರೈಡ್ ಡಬ್ಬಿ ವಾಸಿ, ಆದರೆ ಆ ನೀರು ಬಟ್ಟೆ, ಚರ್ಮ, ಕಬ್ಬಿಣಕ್ಕೆ ತಾಗಬಾರದು.

ಚರ್ಮದ ಚಪ್ಪಲಿ, ಬೆಲ್ಟು, ಬ್ಯಾಗನ್ನು ಮನೆಯಾಚೆ ಒಯ್ದು ಒರೆಸಿ. ಐಸೊಪ್ರೊಪೈಲ್ ಆಲ್ಕೋಹಾಲಿಗೆ ಅಷ್ಟೇ ನೀರು ಬೆರೆಸಿ, ಬಣ್ಣ ಬಿಡುತ್ತದಾ ಅಂತ ಕಾಣದ ಮೂಲೆಯಲ್ಲಿ ಮೊದಲು ನೋಡಿ, ಬಟ್ಟೆ ಅದ್ದಿ ಒರೆಸಿ ನೆರಳಲ್ಲಿ ಆರಿಸಿ. ಪುಸ್ತಕದ ಬೂಷ್ಟು ಒದ್ದೆ ಇದ್ದಾಗ ಮುಟ್ಟಿದರೆ ಹಾಳೆಗೆ ಮೆತ್ತುತ್ತದೆ. ಪೂರ್ತಿ ಒಣಗಲು ಬಿಟ್ಟು, ಹೊರಗೆ ಗಾಳಿಗೆ ಬೆನ್ನು ಮಾಡಿ ನಿಂತು ಮೆತ್ತನೆ ಬ್ರಷ್‌ನಿಂದ ತೆಗೆಯಿರಿ. ಕ್ಯಾಮೆರಾ ಲೆನ್ಸ್ ಬೀರುವಿನಲ್ಲಿ ಬೇಡವೇ ಬೇಡ. ಬೂಷ್ಟು ಗಾಜಿನ ಲೇಪನ ತಿಂದರೆ ಸರಿಯಾಗುವುದಿಲ್ಲ. ಶೇ 40-50 ತೇವಾಂಶದ ಮುಚ್ಚಿದ ಡಬ್ಬಿಯಲ್ಲಿಡಿ.

ಈಗ ಒರೆಸಬಹುದು

ಒಟ್ಟು ಹರಡಿದ್ದು ಸುಮಾರು ಒಂದು ಚದರ ಮೀಟರ್ ಒಳಗಿದ್ದರೆ ಮನೆಯವರೇ ಮಾಡಬಹುದು. ಅದಕ್ಕಿಂತ ಜಾಸ್ತಿ ಇದ್ದರೆ, ಅಥವಾ ಚರಂಡಿ ನೀರಿನಿಂದ ಆದದ್ದಾದರೆ ಕೆಲಸ ಗೊತ್ತಿದ್ದವರಿಗೆ ಬಿಡಿ. ಆಸ್ತಮಾ ಇರುವವರು, ರೋಗ ನಿರೋಧಕ ಶಕ್ತಿ ಕುಂದಿದವರು, ಸಣ್ಣ ಮಕ್ಕಳು ಆ ಹೊತ್ತು ಆ ರೂಮಿನ ಹತ್ತಿರವೂ ಇರಬಾರದು. ಇದರಲ್ಲಿ ರಾಜಿ ಬೇಡ.

ಎನ್95 ಮಾಸ್ಕ್, ರಬ್ಬರ್ ಗ್ಲೌಸ್, ಕಣ್ಣಿಗೆ ಕನ್ನಡಕ ಹಾಕಿ. ಫ್ಯಾನ್, ಎಸಿ ಆರಿಸಿ. ಒಣ ಬ್ರಷ್ ಹಾಕಿ ಕೆರೆಯಬೇಡಿ, ಒಂದೇ ಉಜ್ಜಿಗೆ ಬೀಜಕಣ ಇಡೀ ಮನೆಗೆ ಹಾರುತ್ತದೆ. ಮೊದಲು ಸೋಪು ನೀರು ಚಿಮುಕಿಸಿ ಒದ್ದೆ ಮಾಡಿ, ಆಮೇಲೆ ಒರೆಸಿ. ಟೈಲ್ಸ್, ಗಾಜು, ಲೋಹ, ಒಳ್ಳೆ ಪೇಂಟ್ ಇರುವ ಗೋಡೆಗೆ ಸೋಪು ನೀರೇ ಸಾಕು. ಒರೆಸಿದ ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಬಿಸಾಡಿ.

ಬ್ಲೀಚ್ ಬೇಕೆನ್ನಿಸಿದರೆ ಗಟ್ಟಿ ಮೇಲ್ಮೈಗೆ ಮಾತ್ರ, 16 ಪಾಲು ನೀರಿಗೆ 1 ಪಾಲಿಗಿಂತ ಜಾಸ್ತಿ ಬೇಡ. ಅದನ್ನು ಅಮೋನಿಯಾ ಇರುವ ಕ್ಲೀನರ್, ಟಾಯ್ಲೆಟ್ ಕ್ಲೀನರ್, ವಿನೆಗರ್ ಯಾವುದರ ಜೊತೆಗೂ ಬೆರೆಸಬೇಡಿ, ಒಂದಾದ ಮೇಲೊಂದು ಹಾಕಲೂ ಬೇಡಿ. ವಿಷದ ಗಾಳಿ ಏಳುತ್ತದೆ. ಗಾರೆ, ಮರದಂಥ ನೀರು ಹೀರುವ ವಸ್ತುಗಳಲ್ಲಿ ಬ್ಲೀಚ್ ಮೇಲ್ಮೈಯ ಬಣ್ಣ ಅಳಿಸುತ್ತದೆ, ಒಳಗಿನ ಬೇರಿಗೆ ಮುಟ್ಟುವುದಿಲ್ಲ. ಜೊತೆಗೆ ಅದರ ನೀರೂ ಒಳಗಿಳಿಯುತ್ತದೆ. ಸತ್ತ ಬೂಷ್ಟು ಕೂಡ ಅಲರ್ಜಿ ತರುತ್ತದೆ, ಆದ್ದರಿಂದ ಕೊಂದರೆ ಸಾಲದು, ಒರೆಸಿ ತೆಗೆಯಬೇಕು. ಒಳಗೆ ಬೂಷ್ಟು ಹಿಡಿದ ಹಾಸಿಗೆ, ಕಾರ್ಪೆಟ್, ಜಿಪ್ಸಂ ಬೋರ್ಡ್ ಉಳಿಸಿಕೊಳ್ಳುವ ಪ್ರಯತ್ನ ಬೇಡ. ನೀರು ಚೆಲ್ಲಿ ಹೊಸದಾಗಿ ಒದ್ದೆಯಾದದ್ದನ್ನು 24ರಿಂದ 48 ಗಂಟೆಯೊಳಗೆ ಒಣಗಿಸಿದರೆ ಹೆಚ್ಚಾಗಿ ಉಳಿಯುತ್ತದೆ.

ಪೇಂಟ್ ಬಳಿಯುವ ಮೊದಲು

ಗೋಡೆ ಒಣಗಲು ನಾವಂದುಕೊಂಡದ್ದಕ್ಕಿಂತ ಜಾಸ್ತಿ ದಿನ ಬೇಕು. ಕಟ್ಟಡ ಕೆಲಸದವರ ಹಳೇ ಅಂದಾಜು 25 ಮಿಲಿಮೀಟರ್ ದಪ್ಪಕ್ಕೆ ಒಂದು ತಿಂಗಳು, ತೇವದ ಹವೆಯಲ್ಲಿ ಇನ್ನೂ ನಿಧಾನ. ಒದ್ದೆ ಗೋಡೆಗೆ ಒಳಗಿನಿಂದ ವಾಟರ್‌ಪ್ರೂಫ್ ಪೇಂಟ್ ಬಳಿದರೆ ನೀರು ಅದನ್ನೇ ಉಬ್ಬಿಸಿ ಕಿತ್ತು ಹಾಕುತ್ತದೆ, ಅಥವಾ ಪಕ್ಕದಲ್ಲಿ ಇನ್ನೊಂದು ದಾರಿ ಹುಡುಕುತ್ತದೆ. ಬೂಷ್ಟು ತಡೆಯುವ ಪೇಂಟ್ ಒಣ ಗೋಡೆಯ ಮೇಲೆ ಕೆಲವು ವರ್ಷ ನೆರವಾಗುತ್ತದೆ, ಒದ್ದೆ ಗೋಡೆಯನ್ನು ಅದು ಕಾಪಾಡುವುದಿಲ್ಲ. ಹಳೇ ಸುಣ್ಣ ಇವತ್ತಿಗೂ ಒಳ್ಳೆಯ ಆಯ್ಕೆ. ಹೊಸದಾಗಿ ಬಳಿದ ಸುಣ್ಣದ ಕ್ಷಾರ ಗುಣ ಬೂಷ್ಟಿಗೆ ಒಗ್ಗುವುದಿಲ್ಲ, ಗೋಡೆಯ ತೇವವೂ ಅದರ ಮೂಲಕ ಹೊರಹೋಗುತ್ತದೆ. ಎಮಲ್ಷನ್ ಪೇಂಟಿನ ಮೇಲೆ ಮಾತ್ರ ಅದು ಸರಿಯಾಗಿ ಹಿಡಿಯುವುದಿಲ್ಲ, ಪೇಂಟ್ ಕೆರೆದು ಬಳಿಯಬೇಕು.

ಒರೆಸಿದ ಜಾಗದ ಸುತ್ತ ಪೆನ್ಸಿಲ್‌ನಿಂದ ಗೆರೆ ಎಳೆದು ತಾರೀಖು ಬರೆದಿಡಿ. ಮೊಬೈಲಿನಲ್ಲಿ ಒಂದು ಫೋಟೋ ತೆಗೆಯಿರಿ. ಕನಿಷ್ಠ ಒಂದು ತಿಂಗಳು ಪೇಂಟ್ ಬಳಿಯದೆ ಬಿಡಿ, ಅದರೊಳಗೆ ಒಂದೆರಡು ಜೋರು ಮಳೆ ಬಂದು ಹೋದರೆ ಇನ್ನೂ ಒಳ್ಳೆಯದು. ಆಮೇಲೆ ಮತ್ತೊಮ್ಮೆ ಫಾಯಿಲ್ ಅಂಟಿಸಿ. ಗೆರೆಯೊಳಗೆ ಚುಕ್ಕೆ ಬಂದಿಲ್ಲ, ಫಾಯಿಲ್ ಎರಡೂ ಕಡೆ ಒಣಗಿದೆ ಅಂದರೆ ಪೇಂಟರನ್ನು ಕರೆಸಬಹುದು. ಚುಕ್ಕೆ ಗೆರೆ ದಾಟಿ ಬಂದಿದ್ದರೆ ನೀರಿನ ಇನ್ನೊಂದು ದಾರಿ ಬಾಕಿ ಇದೆ. ಕ್ಯಾಲೆಂಡರಿನ ಗುರುತು ತೆಗೆದುಕೊಂಡು ಜಾಗ ಮತ್ತು ಸಮಯದ ಪರೀಕ್ಷೆಯಿಂದ ಮತ್ತೆ ಶುರು ಮಾಡಿ.